ವೈಟ್ನರ್ ಕೆಳಗಿನ ಉತ್ತರ

ಹಾಸನ, 18 ಸೆಪ್ಟೆಂಬರ್ 2025, ಗುರುವಾರ

ಬೆಳಿಗ್ಗೆ ಫಸ್ಟ್ ಬಿಎಸ್ಸಿ ಕ್ಲಾಸು. ನ್ಯೂಟನ್ನನ ಎರಡನೇ ನಿಯಮ ಅರ್ಧ ಬೋರ್ಡಿಗೆ ಬಂದಿತ್ತು, ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. "ಮೇಡಂ, ಇಂಟರ್ನಲ್ಸ್ ಎಷ್ಟಕ್ಕೆ?"

ಪಾಠ ಅಲ್ಲಿಗೇ ನಿಂತಿತು. ಸೀಮೆಸುಣ್ಣ ಕೆಳಗಿಟ್ಟು ಇನ್ನೊಂದು ಸಲ ಎಲ್ಲ ಹೇಳಿದೆ. ಥಿಯರಿ 100ಕ್ಕೆ, ಅದರಲ್ಲಿ ಸೆಮಿಸ್ಟರ್ ಪರೀಕ್ಷೆಗೆ 80, ಇಂಟರ್ನಲ್ಸ್‌ಗೆ 20. ಪ್ರಾಕ್ಟಿಕಲ್ 50ಕ್ಕೆ, ಪರೀಕ್ಷೆ ದಿನ 40, ಉಳಿದ 10 ನಮ್ಮ ಕೈಯಲ್ಲಿ. ಆ ಹತ್ತರಲ್ಲಿ ಐದನ್ನು ನಾವು ರೆಕಾರ್ಡಿಗೆ, ಅಂದರೆ ಮಾಡಿದ ಪ್ರಯೋಗ ಬರೆದಿಡುವ ಪುಸ್ತಕಕ್ಕೆ, ಇಟ್ಟಿದ್ದೇವೆ. ಪಿಯುಸಿಯಲ್ಲಿ ಪ್ರಾಕ್ಟಿಕಲ್‌ಗೆ 30 ಸಿಕ್ಕಿಬಿಡುತ್ತಿತ್ತು ಅಂತ ಒಬ್ಬಳು ಗೊಣಗಿದಳು. ಸಿಕ್ಕಿಬಿಡುತ್ತಿತ್ತು! ಆ ಮಾತನ್ನು ಮಧ್ಯಾಹ್ನ ಲ್ಯಾಬಿಗೆ ಹೋಗುವವರೆಗೂ ಮನಸ್ಸಿನಲ್ಲೇ ತಿರುವಿ ಹಾಕುತ್ತಿದ್ದೆ.

ಹಾಜರಿ ಶೇ 75 ಇರಬೇಕು ಅಂದಾಗ ಮಾತ್ರ ಎಲ್ಲರ ಮುಖ ಸಪ್ಪಗಾಯಿತು. ಸಕಲೇಶಪುರ, ಅರಕಲಗೂಡು ಕಡೆಯಿಂದ ಬಸ್ಸಿನಲ್ಲಿ ಬರುವವರೇ ಜಾಸ್ತಿ. ಬಸ್ಸು ತಪ್ಪಿದರೆ ಮೊದಲ ಪೀರಿಯಡ್ಡು ಹೋಯಿತು ಅಂತಲೇ ಲೆಕ್ಕ. ಮುಂದಿನ ತಿಂಗಳು ಹಾಸನಾಂಬೆ ಬಾಗಿಲು ತೆಗೆದರೆ ಊರಿನ ಬಸ್ಸು, ರಸ್ತೆ ಎರಡೂ ಭಕ್ತರ ಪಾಲು. ಆಗ ಈ 75ರ ಗತಿ ಏನು ಅಂತ ನನಗೂ ಹೊಳೆಯುತ್ತಿಲ್ಲ.

ಮಧ್ಯಾಹ್ನ ರೆಕಾರ್ಡ್ ತಿದ್ದಲು ಕೂತೆ. ಬಾರ್ ಪೆಂಡ್ಯುಲಂ ಪ್ರಯೋಗ. ಕಬ್ಬಿಣದ ಪಟ್ಟಿಯೊಂದನ್ನು ಬೇರೆ ಬೇರೆ ತೂತಿಗೆ ನೇತುಹಾಕಿ, ತೂಗಿಸಿ, ಸಮಯ ಅಳೆದು, ಗುರುತ್ವದ ವೇಗೋತ್ಕರ್ಷ, ಅಂದರೆ ಹುಡುಗರ ಬಾಯಲ್ಲಿ 'ಜಿ', ಕಂಡುಹಿಡಿಯುವುದು. ಬೀಳುವ ವಸ್ತುವಿನ ವೇಗ ಸೆಕೆಂಡು ಸೆಕೆಂಡಿಗೂ ಎಷ್ಟು ಏರುತ್ತದೆ ಅನ್ನುವ ಲೆಕ್ಕ ಅದು. 22 ಪುಸ್ತಕ. ಮೊದಲನೆಯದರಲ್ಲಿ 9.81. ಎರಡನೆಯದರಲ್ಲೂ 9.81. ಹತ್ತನೆಯದಕ್ಕೆ ಬರುವಷ್ಟರಲ್ಲಿ ನಾನು ಉತ್ತರ ನೋಡುವುದನ್ನೇ ಬಿಟ್ಟಿದ್ದೆ.

ತಮಾಷೆ ಏನು ಅಂದರೆ, ಹಾಸನದಲ್ಲಿ ಜಿ 9.81 ಇಲ್ಲವೇ ಇಲ್ಲ. ಅದು ಲಂಡನ್, ಪ್ಯಾರಿಸ್ ಕಡೆಯ ಬೆಲೆ. 1901ರಲ್ಲಿ ಪ್ಯಾರಿಸ್ಸಿನಲ್ಲಿ ಸಭೆ ಸೇರಿ 9.80665 ಅಂತ ಒಂದು ಪ್ರಮಾಣದ ಬೆಲೆ ಒಪ್ಪಿಕೊಂಡರು, ಲೆಕ್ಕಕ್ಕೆ ಅನುಕೂಲ ಆಗಲಿ ಅಂತ. ನಾವಿರುವುದು ಭೂಮಧ್ಯರೇಖೆಗೆ ಹತ್ತಿರ, 13 ಡಿಗ್ರಿಯಲ್ಲಿ. ಇಲ್ಲಿ ಭೂಮಿಯ ಹೊಟ್ಟೆ ಉಬ್ಬಿದೆ, ತಿರುಗುವ ವೇಗವೂ ಜಾಸ್ತಿ, ಎರಡೂ ಸೇರಿ ಜಿ ಕಡಿಮೆ. ಸಾಲದ್ದಕ್ಕೆ ಊರು 3,000 ಅಡಿಗೂ ಸ್ವಲ್ಪ ಮೇಲಿದೆ. ಲೆಕ್ಕ ಹಾಕಿದರೆ 9.78ರ ಆಸುಪಾಸು ಬರುತ್ತದೆ.

ನಮ್ಮ ಸ್ಟಾಪ್‌ವಾಚಿನಲ್ಲಿ ಅಷ್ಟು ಸೂಕ್ಷ್ಮ ಗೊತ್ತಾಗುವುದಿಲ್ಲ, ಅದು ಬೇರೆ ಮಾತು. ಪಟ್ಟಿ 20 ಸಲ ತೂಗಲು 32 ಸೆಕೆಂಡು ಅಂತ ಇಟ್ಟುಕೊಳ್ಳಿ. ಗುಂಡಿ ಒತ್ತುವ ಹೆಬ್ಬೆರಳು ಕಾಲು ಸೆಕೆಂಡು ಎಡವಿದರೆ ಸಾಕು, ಜಿ 0.15ರಷ್ಟು ಆಚೀಚೆ ಆಗುತ್ತದೆ. ಅಂದಮೇಲೆ ಒಬ್ಬನಿಗೆ 9.65, ಇನ್ನೊಬ್ಬಳಿಗೆ 9.9 ಬರಬೇಕು. ಎಲ್ಲರಿಗೂ 9.81 ಬಂದಿದೆ ಅಂದರೆ ಯಾರೂ ಅಳೆದೇ ಇಲ್ಲ, ಅಥವಾ ಅಳೆದದ್ದನ್ನು ನಂಬಿಲ್ಲ.

ಹದಿನೇಳನೇ ಪುಸ್ತಕದಲ್ಲಿ ಉತ್ತರದ ಜಾಗಕ್ಕೆ ದಪ್ಪಗೆ ವೈಟ್ನರ್ ಬಳಿದಿತ್ತು. ಹಾಳೆಯನ್ನು ಕಿಟಕಿಗೆ ಹಿಡಿದೆ. ಕೆಳಗೆ 9.68 ಕಂಡಿತು. ಸಂತೋಷ ಆಯಿತು, ಸುಳ್ಳೇಕೆ ಹೇಳಲಿ.

ಪುಸ್ತಕ ಆಲೂರು ಕಡೆಯ ಹುಡುಗಿಯದು. ಕರೆಸಿದೆ.

"ಏನಮ್ಮಾ ಇದು?"

"ತಪ್ಪು ಬಂದಿತ್ತು ಮೇಡಂ. ಮಿಕ್ಕವರಿಗೆಲ್ಲ 9.81 ಬಂದಿತ್ತು."

"ಮಿಕ್ಕವರಿಗೆ ಹೇಗೆ ಬಂತು?"

ಅವಳು ನೆಲ ನೋಡಿದಳು. ಸೀನಿಯರ್‌ಗಳ ರೆಕಾರ್ಡು ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ಓಡಾಡುವುದು ನನಗೇನು ಗೊತ್ತಿಲ್ಲವೇ. ನನ್ನ ಡಿಗ್ರಿ ರೆಕಾರ್ಡಿನಲ್ಲೂ ಜಿ ಬಹಳ ಚಂದ ಬಂದಿತ್ತು. ಐದಕ್ಕೆ ಐದು ಸಿಕ್ಕಿತ್ತು.

ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ನಮ್ಮ ಹಿರಿಯರೊಬ್ಬರು ನಕ್ಕರು. "ಸುಮ್ನೆ ಎಲ್ಲರಿಗೂ ನಾಲ್ಕು ಹಾಕಿ ಕಳಿಸಿ. ಐದು ಮಾರ್ಕ್ಸಿಗೆ ಯಾಕೆ ತಲೆ ಕೆಡಿಸಿಕೊಳ್ತೀರಾ?" ಅವರ ಮಾತಲ್ಲೂ ಹುರುಳಿದೆ. ರೆಕಾರ್ಡ್ ಮಾರ್ಕ್ಸ್ ಕಡಿಮೆಯಾದರೆ ಹೊಡೆತ ಬೀಳುವುದು ಹುಡುಗರಿಗೆ. ಆದರೆ ಅಂದವಾಗಿ ನಕಲು ಮಾಡಿದವರಿಗೆ ಐದು, ಅಳೆದು ಹೆದರಿದವಳಿಗೆ ಮೂರು ಕೊಡಲು ನನಗೆ ಕೈ ಬರಲಿಲ್ಲ.

ಸಂಜೆ ಹೊಸ ಲೆಕ್ಕ ಮಾಡಿಕೊಂಡೆ. ರೆಕಾರ್ಡಿನ ಐದರಲ್ಲಿ ಮೂರು, ಲ್ಯಾಬಿನಲ್ಲೇ ಬರೆದು ಅಲ್ಲೇ ನನ್ನ ಸಹಿ ಹಾಕಿಸಿದ ಅಬ್ಸರ್ವೇಶನ್ ಪುಸ್ತಕಕ್ಕೆ. ಒಂದು, ತಪ್ಪು ಎಲ್ಲಿಂದ ಬಂದಿರಬಹುದು ಅಂತ ನಾಲ್ಕು ಸಾಲು ಬರೆದರೆ. ಅಂದಕ್ಕೆ ಕೊನೆಯ ಒಂದು. ಉತ್ತರ ಎಷ್ಟು ಬಂತು ಅನ್ನುವುದಕ್ಕೆ ಏನೂ ಇಲ್ಲ. ಮೊದಲೇ ಹೀಗೆ ಮಾಡಬೇಕಿತ್ತು.

ಆಲೂರಿನ ಹುಡುಗಿಗೆ ನಾಲ್ಕು ಹಾಕಿದೆ. "ವೈಟ್ನರ್ ಕೆರೆದು ತೆಗೀಲಾ ಮೇಡಂ?" ಅಂದಳು. ಬೇಡ, ಪಕ್ಕದಲ್ಲಿ 9.68 ಅಂತ ಬರೆದು ತಾ ಅಂದೆ.

ಉಳಿದ 21 ಪುಸ್ತಕ ಸಹಿ ಇಲ್ಲದೆ ವಾಪಸು. ಶನಿವಾರ ಮತ್ತೆ ಲ್ಯಾಬ್. ಆರು ಸ್ಟಾಪ್‌ವಾಚಿನಲ್ಲಿ ಎರಡಕ್ಕೆ ಸೆಲ್ ಇಲ್ಲ, ನಾಳೆ ಬರುವಾಗ ತರಬೇಕು.