ಗೆರೆ ನೇರ ಬಂದರೆ ಸಾಕಾ?

"ಸರ್, ಗ್ರಾಫಿನಲ್ಲಿ ಗೆರೆ ನೇರವಾಗಿ ಬಂತು. ಅಂದ್ರೆ ಇದು ಫೀಲ್ಡ್ ಎಮಿಷನ್ನೇ ಅಲ್ವಾ?"

ನ್ಯಾನೋಟ್ಯೂಬ್ (ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆ) ಮೇಲೆ ಕೆಲಸ ಮಾಡುವ ವಿದ್ಯಾರ್ಥಿಗಳು ಪ್ರತಿ ವರ್ಷ ಇದನ್ನು ಕೇಳುತ್ತಾರೆ. ನೇರ ಗೆರೆ ಒಳ್ಳೆಯ ಸೂಚನೆಯೇ. ಆದರೆ ಸ್ಲೋಪ್, ಅಂದರೆ ಗೆರೆಯ ಇಳಿಜಾರು, ನೋಡುವವರೆಗೆ ನಾನು ಹೌದು ಅನ್ನುವುದಿಲ್ಲ.

ಲೋಹವನ್ನು ಕಾಯಿಸದೆ, ಬರೀ ಬಲವಾದ ವಿದ್ಯುತ್ ಕ್ಷೇತ್ರದಿಂದ ಎಲೆಕ್ಟ್ರಾನ್ ಹೊರಗೆ ಬರುವುದೇ ಕೋಲ್ಡ್ ಫೀಲ್ಡ್ ಎಮಿಷನ್. ಮೇಲ್ಮೈಯ ತಡೆಗೋಡೆಯನ್ನು ಹತ್ತಿ ದಾಟುವಷ್ಟು ಶಕ್ತಿ ಎಲೆಕ್ಟ್ರಾನಿಗೆ ಇಲ್ಲ. ಕ್ಷೇತ್ರ ಆ ಗೋಡೆಯನ್ನು ತೆಳ್ಳಗೆ ಮಾಡುತ್ತದೆ. ಎಲೆಕ್ಟ್ರಾನ್ ಗೋಡೆಯೊಳಗಿಂದಲೇ ತೂರಿ ಬರುತ್ತದೆ. 1928ರಲ್ಲಿ ಭೌತವಿಜ್ಞಾನಿಗಳಾದ ಫೌಲರ್ ಮತ್ತು ನಾರ್ಡ್‌ಹೈಮ್ ಇದರ ಲೆಕ್ಕ ಕೊಟ್ಟರು. ಕರೆಂಟನ್ನು ವೋಲ್ಟೇಜಿನ ವರ್ಗದಿಂದ ಭಾಗಿಸಿ ಲಾಗ್ ತೆಗೆಯಿರಿ. ಅಡ್ಡ ಅಕ್ಷದಲ್ಲಿ ವೋಲ್ಟೇಜಿನ ವ್ಯುತ್ಕ್ರಮ ಇಡಿ. ನೇರ ಗೆರೆ ಬರುತ್ತದೆ.

ಈ ಲೆಕ್ಕದ ಸರಳ ರೂಪದಲ್ಲಿ ಗೋಡೆ ತ್ರಿಕೋನ. ನಿಜದಲ್ಲಿ ಹೊರಟ ಎಲೆಕ್ಟ್ರಾನನ್ನು ಲೋಹ ಹಿಂದಕ್ಕೆ ಎಳೆಯುತ್ತದೆ, ಹಾಗಾಗಿ ಗೋಡೆಯ ತುದಿ ದುಂಡಗಾಗಿ ತಗ್ಗುತ್ತದೆ. 1956ರಲ್ಲಿ ಮರ್ಫಿ ಮತ್ತು ಗುಡ್ ಇದನ್ನು ಸರಿಯಾಗಿ ಸೇರಿಸಿದರು. ಅದೇ ಕ್ಷೇತ್ರಕ್ಕೆ ಕರೆಂಟು ನೂರಾರು ಪಟ್ಟು ಜಾಸ್ತಿ ಬಂತು! ಇಷ್ಟು ವ್ಯತ್ಯಾಸ ಇದ್ದರೂ ತ್ರಿಕೋನದ ಸೂತ್ರವನ್ನೇ ಬಳಸುವುದು ನನಗೆ ಸರಿ ಕಾಣುವುದಿಲ್ಲ.

ಈಗ ಸ್ಲೋಪ್. ಅದರಿಂದ, ಎಲೆಕ್ಟ್ರಾನ್ ಹೊರಡುವ ಸೂಜಿಯ ತುದಿಯಲ್ಲಿ ಎಷ್ಟು ಕ್ಷೇತ್ರ ಇತ್ತು ಅಂತ ಹಿಂದಕ್ಕೆ ಲೆಕ್ಕ ಹಾಕಬಹುದು. ಟಂಗ್‌ಸ್ಟನ್ನಿನ ವರ್ಕ್ ಫಂಕ್ಷನ್ (ಎಲೆಕ್ಟ್ರಾನ್ ಹೊರಬರಲು ಬೇಕಾದ ಶಕ್ತಿ) ಸುಮಾರು 4.5 ಎಲೆಕ್ಟ್ರಾನ್‌ವೋಲ್ಟ್. ಅದಕ್ಕೆ ಉತ್ತರ ಪ್ರತಿ ನ್ಯಾನೋಮೀಟರಿಗೆ 2ರಿಂದ 6 ವೋಲ್ಟ್ ಸುಮಾರಿಗೆ ಇರಬೇಕು. 14 ವೋಲ್ಟ್ ಆದರೆ ಗೋಡೆಯೇ ಉಳಿಯುವುದಿಲ್ಲ. ನಿಮ್ಮ ಉತ್ತರ 20 ಬಂದರೆ ಎಲ್ಲೋ ತಪ್ಪಿದೆ. 2013ರಲ್ಲಿ ರಿಚರ್ಡ್ ಫೋರ್ಬ್ಸ್ ಇದನ್ನೇ ಒಂದು ಪರೀಕ್ಷೆಯಾಗಿ ಕೊಟ್ಟರು. ಹತ್ತು ನಿಮಿಷದ ಕೆಲಸ, ದಯವಿಟ್ಟು ಮಾಡಿ.

ನಾನು ಮೊದಲ ಸಲ ಅಳೆದಾಗ ಗೆರೆ ಚೆನ್ನಾಗಿಯೇ ನೇರ ಇತ್ತು. ಚೂಪು ತುದಿಯಲ್ಲಿ ಕ್ಷೇತ್ರ ಸುತ್ತಲಿಗಿಂತ ಹತ್ತು ಸಾವಿರ ಪಟ್ಟು ಏರಿದೆ ಅಂತ ಸ್ಲೋಪ್ ಹೇಳಿತು. ಆದರೆ ಸೂಜಿಯ ಎತ್ತರ ತುದಿಯ ತ್ರಿಜ್ಯದ ಸಾವಿರ ಪಟ್ಟು ಇದ್ದರೂ ಏರಿಕೆ ಕೆಲವು ನೂರು ಪಟ್ಟಷ್ಟೇ. ಹುಡುಕಿದಾಗ, ಸೂಜಿಗಳಿದ್ದ ಫಿಲ್ಮ್ (ತೆಳು ಪದರ) ತಳಕ್ಕೆ ಸರಿಯಾಗಿ ಅಂಟಿರಲಿಲ್ಲ. ಆ ಕಾಂಟ್ಯಾಕ್ಟಿನ ರೆಸಿಸ್ಟೆನ್ಸಿನಲ್ಲೇ ಬಹಳಷ್ಟು ವೋಲ್ಟೇಜ್ ಕಳೆದುಹೋಗುತ್ತಿತ್ತು, ಕರೆಂಟು ಏರಿದಂತೆ ಇನ್ನೂ ಜಾಸ್ತಿ. ತುದಿಗೆ ಸಿಗುತ್ತಿದ್ದದ್ದು ಕಡಿಮೆ, ಹಾಗಾಗಿ ಸ್ಲೋಪ್ ಚಪ್ಪಟೆ, ಲೆಕ್ಕದಲ್ಲಿ ಏರಿಕೆ ಸುಳ್ಳೇ ದೊಡ್ಡದು. ವೋಲ್ಟೇಜಿನ ವ್ಯಾಪ್ತಿ ಕಿರಿದಾಗಿದ್ದರೆ ಗೆರೆ ಬಾಗಿದ್ದು ಕಣ್ಣಿಗೆ ಬೀಳುವುದೂ ಇಲ್ಲ.

ನಿಮ್ಮ ಗೆರೆ ನೇರ ಬಂದಿದೆಯಾ? ಮೊದಲು ಕಾಂಟ್ಯಾಕ್ಟಿನ ರೆಸಿಸ್ಟೆನ್ಸ್ ಅಳೆಯಿರಿ, ಆಮೇಲೆ ಸ್ಲೋಪ್ ತನ್ನಿ, ಕೂತು ನೋಡೋಣ.