ಮಕ್ಕಳ ಶ್ರುತಿ, ಮೇಷ್ಟ್ರ ಗಂಟಲು

ಶಾಲೆಯ ಸಂಗೀತ ಮೇಷ್ಟ್ರುಗಳಲ್ಲಿ ಬಹಳ ಮಂದಿಗೆ ಮೊದಲ ವರ್ಷವೇ ಗಂಟಲು ಕಟ್ಟುತ್ತದೆ. ‘ಎಷ್ಟು ಹೇಳಿಕೊಟ್ಟರೂ ಮಕ್ಕಳಿಗೆ ಹಾಡು ಕೂರುತ್ತಿಲ್ಲ’ ಎಂಬ ಬೇಸರ ಶುರುವಾಗುವುದೂ ಆಗಲೇ. ಎರಡರ ಬೇರೂ ಹೆಚ್ಚಾಗಿ ಒಂದೇ: ದಿನಕ್ಕೆ ಐದಾರು ಪೀರಿಯಡ್, ತಮ್ಮ ಶ್ರುತಿಯಲ್ಲಿ, ಮಕ್ಕಳ ಜೊತೆಜೊತೆಗೇ ಹಾಡುವುದು.

ಮೊದಲು ಶ್ರುತಿಯ ಲೆಕ್ಕ. ಆರೇಳು ವರ್ಷದ ಮಗುವಿನ ದನಿ ಹಾಯಾಗಿ ಓಡಾಡುವುದು ಸುಮಾರು 294 ಹರ್ಟ್ಸ್‌ನಿಂದ 440ರವರೆಗೆ (ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ; ಸಂಖ್ಯೆ ಹೆಚ್ಚಿದಷ್ಟೂ ದನಿ ಮೇಲೆ). ಹಾರ್ಮೋನಿಯಂನಲ್ಲಿ ಮಧ್ಯದ ಸಿ ಮನೆಯ ಮೇಲಿನ ಡಿಯಿಂದ ಎವರೆಗೆ, ಅಂದರೆ ಐದೇ ಸ್ವರ. ಒಂಬತ್ತು–ಹತ್ತು ವರ್ಷಕ್ಕೆ ಅದು ಕೆಳಗೆ ಸಿಗೂ (262) ಮೇಲೆ ತಾರದ, ಅಂದರೆ ಮೇಲಿನ ಸುತ್ತಿನ, ಡಿಗೂ (587) ಹಿಗ್ಗುತ್ತದೆ. ಜಿ ಶ್ರುತಿಯಲ್ಲಿ ಹಾಡುವ ಮೇಡಂ ಅವರ ಮಧ್ಯ ಷಡ್ಜ (‘ಸ’) 196. ಅಲ್ಲಿ ಚಿಕ್ಕ ಮಗುವಿಗೆ ನೆಲವೇ ಸಿಗುವುದಿಲ್ಲ. ಪಲ್ಲವಿಯ ಅರ್ಧ ಬರೀ ಗೊಣಗಾಟವಾಗುತ್ತದೆ. ಗಂಡಸರ ದನಿ ಇನ್ನೂ ಕೆಳಗೆ. ಮಕ್ಕಳು ಒಂದು ಸ್ಥಾಯಿ (ಒಂದು ‘ಸ’ದಿಂದ ಮುಂದಿನ ‘ಸ’ದವರೆಗಿನ ದೂರ) ಮೇಲೆ ಹಾಡಿದರೆ ಸರಿಹೋಗುತ್ತದೆ, ನಿಜ. ಆದರೆ ಎಳೆಯ ಮಕ್ಕಳಿಗೆ ಆ ಜಿಗಿತ ಹೊಳೆಯುವುದಿಲ್ಲ, ಮೇಷ್ಟ್ರ ದನಿಯ ಆಳವನ್ನೇ ಹಿಡಿಯಲು ಹೋಗಿ ಗುರುಗುಟ್ಟುತ್ತಾರೆ. ಅದಕ್ಕೇ ಗಂಡಸರು ಸ್ವರವನ್ನು ತಾವು ಹಾಡಿ ತೋರಿಸುವ ಬದಲು, ಚೆನ್ನಾಗಿ ಹಾಡುವ ಒಂದು ಮಗುವಿನಿಂದ ಹಾಡಿಸಿ ತೋರಿಸುವುದು ಲೇಸು.

ಹಾಡು ಆರಿಸಿದ ಮೇಲೆ ಅದರ ಅತಿ ಕೆಳಗಿನ, ಅತಿ ಮೇಲಿನ ಸ್ವರ ಗುರುತಿಸಿ, ಆಮೇಲೆ ಷಡ್ಜ ಇಡಿ. ಮಂದ್ರ ಪಂಚಮದಿಂದ (ಕೆಳಸ್ಥಾಯಿಯ ‘ಪ’) ಮಧ್ಯ ಚತುಃಶ್ರುತಿ ಧೈವತದವರೆಗಿನ (ನಡುಸ್ಥಾಯಿಯ ದೊಡ್ಡ ‘ದ’) ಹಾಡಿಗೆ ಷಡ್ಜ ಎಫ್‌ನಲ್ಲಿರಲಿ: ಕೆಳತುದಿ 262, ಮೇಲ್ತುದಿ 587, ಐದನೇ ತರಗತಿಗೆ ಅಳತೆ ತೆಗೆದು ಹೊಲಿದ ಹಾಗೆ. ಷಡ್ಜದಿಂದ ತಾರ ಷಡ್ಜದವರೆಗಿನದಕ್ಕೆ ಡಿ ಸಾಕು. ಒಂದನೇ ತರಗತಿಗೆ ಐದು ಸ್ವರ ಮೀರದ ಹಾಡೇ ಬೇಕು. ಒಂದೂವರೆ ಸ್ಥಾಯಿಯ ಹಾಡನ್ನು ಯಾವ ಶ್ರುತಿಗೆ ಇಳಿಸಿದರೂ ಅದು ಅವರದ್ದಾಗುವುದಿಲ್ಲ.

‘ಇವನಿಗೆ ಸಂಗೀತ ಬರೋಲ್ಲ’ ಅನ್ನಿಸಿಕೊಳ್ಳುವ ಮಗು ಪ್ರತಿ ತರಗತಿಯಲ್ಲೂ ಇರುತ್ತದೆ. ಕಿವಿಯಲ್ಲಿ ದೋಷವಿರುವುದು ತೀರಾ ಅಪರೂಪ. ಮಾತಾಡುವ ದನಿಯಲ್ಲೇ ಹಾಡುತ್ತಿರುತ್ತದೆ, ಅಷ್ಟೆ. ಪಕ್ಕಕ್ಕೆ ಕರೆದು ‘ಊ’ ಎಂದು ಕೆಳಗಿನಿಂದ ಮೇಲಕ್ಕೆ ಜಾರಿಸಲು ಹೇಳಿ, ಆಂಬ್ಯುಲೆನ್ಸ್ ಸದ್ದಿನ ಹಾಗೆ. ದನಿ ಮೇಲೆ ಹೋಗುತ್ತದೆಂದು ಅದಕ್ಕೇ ಗೊತ್ತಾಗಲಿ. ಆಮೇಲೆ ಅದು ಯಾವುದಾದರೂ ಒಂದು ಸ್ವರ ಹಿಡಿಯಲಿ. ನೀವು ಅದೇ ಸ್ವರಕ್ಕೆ ಬಂದು ಸೇರಿ. ಎರಡು ದನಿ ಒಂದಾದಾಗ ಹೇಗೆ ಕೇಳುತ್ತದೆಂಬುದು ಆ ಮಗುವಿಗೆ ಹಲವು ಸಲ ಅದೇ ಮೊದಲು. ‘ಇದೇ, ಹಿಡ್ಕೋ’ ಎಂದು ಹೇಳಿ, ಅಲ್ಲಿಂದ ಅರ್ಧರ್ಧ ಸ್ವರವಾಗಿ ಮೇಲಕ್ಕೆ ಕರೆದೊಯ್ಯಿರಿ. ದಿನಕ್ಕೆ ಎರಡು ನಿಮಿಷ, ಕೆಲವು ವಾರ ಬೇಕು. ‘ನೀನು ಬಾಯಿ ಆಡಿಸು ಸಾಕು’ ಎಂದು ಮಾತ್ರ ಯಾರಿಗೂ ಹೇಳಬೇಡಿ. ಆ ಮಾತು ಕೇಳಿದವರು ಐವತ್ತು ವರ್ಷವಾದರೂ ನಾಲ್ಕು ಜನರ ಮುಂದೆ ಬಾಯಿ ಬಿಡುವುದಿಲ್ಲ.

ಪಾಠದ ಕ್ರಮ ಸರಳ: ಮೊದಲು ಇಡೀ ಹಾಡು ಒಮ್ಮೆ ಕೇಳಿಸಿ, ಆಮೇಲೆ ಒಂದೊಂದೇ ಸಾಲು. ನೀವು ಹಾಡುವಾಗ ಅವರು ಸುಮ್ಮನಿರಲಿ, ಅವರು ಹಾಡುವಾಗ ನೀವು ಸುಮ್ಮನಿರಿ. ಜೊತೆಗೂಡಿ ಹಾಡಿದರೆ ನಿಮಗೆ ಕೇಳುವುದು ನಿಮ್ಮ ದನಿಯೇ. ಮೂರನೇ ಸಾಲಿನಲ್ಲಿ ಅರ್ಧ ತರಗತಿ ಗಾಂಧಾರ ತಪ್ಪಿದ್ದು ತಿಳಿಯುವುದೇ ಇಲ್ಲ. ‘ಜೋರಾಗಿ ಹಾಡಿ’ ಎನ್ನುವುದೂ ತಪ್ಪು. ಕೂಗಿದಾಗ ಎದೆಯ ದನಿಯನ್ನೇ, ಅಂದರೆ ಮಾತಾಡುವ ದಪ್ಪ ದನಿಯನ್ನೇ, ಮೇಲಕ್ಕೆ ದಬ್ಬುತ್ತಾರೆ, ಮೇಲಿನ ಸ್ವರಗಳೆಲ್ಲ ಇಳಿಯುತ್ತವೆ. ಪ್ರತಿ ಚರಣ ಮುಗಿದಾಗ ಶ್ರುತಿಪೆಟ್ಟಿಗೆಯ ಜೊತೆ ಹೋಲಿಸಿ ನೋಡಿ. ಅರ್ಧ ಸ್ವರ ಇಳಿದಿದ್ದರೆ ಉಸಿರು ಸಾಲುತ್ತಿಲ್ಲ, ಅಥವಾ ಮಕ್ಕಳು ದಣಿದಿದ್ದಾರೆ. ಆಗ ಅದೇ ಹಾಡನ್ನು ಮತ್ತೆ ತಿಕ್ಕಬಾರದು, ನಿಲ್ಲಿಸಿ ತಾಳಕ್ಕೆ ಹೋಗಬೇಕು.

ಹುಡುಗರ ದನಿ ಹೆಚ್ಚಾಗಿ 12ರಿಂದ 14ರ ನಡುವೆ ಒಡೆಯುತ್ತದೆ, ಕೊನೆಗೆ ಸುಮಾರು ಒಂದು ಸ್ಥಾಯಿ ಇಳಿದು ನಿಲ್ಲುತ್ತದೆ. ಹುಡುಗಿಯರದೂ ಎರಡು ಮೂರು ಅರ್ಧಸ್ವರ ಇಳಿಯುತ್ತದೆ, ಯಾರೂ ಗಮನಿಸುವುದಿಲ್ಲ. ಆ ತಿಂಗಳುಗಳಲ್ಲಿ ಕೆಲವರಿಗೆ ಉಳಿಯುವುದು ನಾಲ್ಕೈದು ಸ್ವರ. ಅಷ್ಟರಲ್ಲೇ ಕೂರುವ ಒಂದು ಸಾಲು, ಇಲ್ಲವೇ ಷಡ್ಜವನ್ನು ಎಳೆದು ಹಿಡಿಯುವ ಕೆಲಸ ಕೊಡಿ. ಗುಂಪಿನಿಂದ ಹೊರಗೆ ಹೋದ ಹುಡುಗ ತಿರುಗಿ ಬರುವುದು ಕಡಿಮೆ.

ಇನ್ನು ಮೇಷ್ಟ್ರ ಗಂಟಲು. ಗದ್ದಲ ನಿಲ್ಲಿಸಲು ಕೂಗುವುದೇ ಹಾಡುವುದಕ್ಕಿಂತ ಹೆಚ್ಚು ಹಾಳು ಮಾಡುತ್ತದೆ. ಒಂದು ಚಪ್ಪಾಳೆಯ ಲಯ ರೂಢಿ ಮಾಡಿಸಿದರೆ ಮಕ್ಕಳೇ ಅದಕ್ಕೆ ಉತ್ತರ ಕೊಟ್ಟು ಸುಮ್ಮನಾಗುತ್ತಾರೆ. ವರ್ಷದ ಆರಂಭದಲ್ಲಿ ಟೈಮ್‌ಟೇಬಲ್ ಬರೆಯುವವರ ಬಳಿ ಕೂತು, ಹಾಡಿನ ಪೀರಿಯಡ್‌ಗಳು ಎರಡಕ್ಕಿಂತ ಹೆಚ್ಚು ಸತತವಾಗಿ ಬೀಳದಂತೆ ಕೇಳಿ ಬರೆಸಿಕೊಳ್ಳಿ. ಗಂಟಲು ಕೆರೆಯುವ ಅಭ್ಯಾಸ ಬೇಡ, ನೀರು ಕುಡಿಯಿರಿ. ದನಿ ಕಟ್ಟಿದಾಗ ಪಿಸುಗುಟ್ಟಿದರೆ ವಿಶ್ರಾಂತಿ ಸಿಗುವುದಿಲ್ಲ, ಹಲವರಿಗೆ ಅದರಿಂದ ಬಿಗಿತವೇ ಹೆಚ್ಚು. ಮೂರು ವಾರ ಕಳೆದರೂ ದನಿ ತಿಳಿಯಾಗದಿದ್ದರೆ ಕಷಾಯದಲ್ಲಿ ಕಾಲ ಕಳೆಯದೆ ಇಎನ್‌ಟಿ ವೈದ್ಯರಿಗೆ ತೋರಿಸಿ, ಧ್ವನಿತಂತುಗಳನ್ನೇ ನೋಡಿಸಿ. ಹಾಗೆ ಕನ್ನಡಿ ಹಿಡಿದು 1854ರಲ್ಲಿ ತನ್ನದೇ ಧ್ವನಿತಂತುಗಳನ್ನು ಕಂಡ ಮಾನ್ಯುಯೆಲ್ ಗಾರ್ಸಿಯಾ ಕೂಡ ಹಾಡು ಕಲಿಸುವ ಮೇಷ್ಟ್ರೇ. ಧ್ವನಿತಂತುಗಳ ಮೇಲೆ ಗಂಟು ಕಂಡರೂ ಎದೆಗುಂದಬೇಕಿಲ್ಲ, ಬಹುತೇಕ ಗಂಟುಗಳು ಧ್ವನಿ ಚಿಕಿತ್ಸೆಯಿಂದಲೇ ಕರಗುತ್ತವೆ. ಕಿವಿಯ ಕಡೆಗೂ ಗಮನವಿರಲಿ: 85 ಡೆಸಿಬೆಲ್ ಎಂಟು ಗಂಟೆಗೆ ಮಿತಿಯಾದರೆ 94ಕ್ಕೆ ಒಂದೇ ಗಂಟೆ. ಮುಚ್ಚಿದ ಕೋಣೆಯಲ್ಲಿ ಡ್ರಮ್ ಬಾರಿಸಿದರೆ ಅದನ್ನು ದಾಟುವುದು ಸುಲಭ.

ಒಂದು ನೋಟ್‌ಬುಕ್ ಇಡಿ. ಹನ್ನೆರಡು ವಿಭಾಗ, ತಲಾ ನಲವತ್ತು ಎಂದರೆ 480 ಮಕ್ಕಳು, ನೆನಪು ಸಾಲದು. ಒಬ್ಬೊಬ್ಬರಿಗೆ ಒಂದು ಸಾಲು, ವರ್ಷಕ್ಕೆ ಎರಡು ಸಲ: ಕೆಳಗಿನ ಸ್ವರ, ಮೇಲಿನ ಸ್ವರ, ತಾಳ ನಿಲ್ಲುತ್ತದೆಯೇ. ತರಗತಿ ಟೀಚರ್ ವರ್ಷ ವರ್ಷ ಬದಲಾಗುತ್ತಾರೆ, ಸಂಗೀತ ಮೇಷ್ಟ್ರು ಅದೇ ಮಗುವನ್ನು ಒಂದನೇ ತರಗತಿಯಿಂದ ಹತ್ತರವರೆಗೆ ಕೇಳಿಸಿಕೊಳ್ಳುತ್ತಾರೆ. ಶಾಲೆ ಬಿಡುವಾಗ ಆ ನೋಟ್‌ಬುಕ್ಕನ್ನು ಮನೆಗೆ ಒಯ್ಯದೆ ಹಾರ್ಮೋನಿಯಂ ಪೆಟ್ಟಿಗೆಯಲ್ಲೇ ಇಟ್ಟು ಬನ್ನಿ, ಮುಂದೆ ಬರುವವರಿಗೆ ಬೇಕಾಗುತ್ತದೆ.