ಘಾಟ್ ಇಳಿಯುವಾಗ ‘ಡಿ’ ನಂಬಿ ಕೂರಬೇಡಿ

ಬಾಡಿಗೆ ಕಾರು ಕೊಟ್ಟವರು ಕೀಲಿ ಕೈಗಿಡುತ್ತಾ, “ಆಟೊಮ್ಯಾಟಿಕ್ ಸಾರ್, ‘ಡಿ’ಗೆ ಹಾಕಿ ಸುಮ್ನೆ ಓಡಿಸಿ” ಎಂದರು. ‘ಡಿ’ ಅಂದರೆ ಡ್ರೈವ್, ಗೇರನ್ನು ಕಾರೇ ಬದಲಿಸಿಕೊಳ್ಳುತ್ತೆ. ನಂಬಿದೆ. ಘಾಟ್ ಹತ್ತುವಾಗ ಕಿರಿಕಿರಿ ಮಾತ್ರ. ತಿರುವಿಗೆ ಮುಂಚೆ ಆಕ್ಸಿಲರೇಟರ್ ಬಿಟ್ಟರೆ ಗೇರ್ ಮೂರಕ್ಕೆ ಏರುತ್ತಿತ್ತು. ಮತ್ತೆ ಒತ್ತಿದರೆ ಸ್ವಲ್ಪ ಯೋಚನೆ ಮಾಡಿ ಎರಡಕ್ಕೆ ಇಳಿಯುತ್ತಿತ್ತು.

ಮೇಲೆ ಕಳೆದ ಎರಡು ದಿನ ಬರೀ ಮಂಜು. ಬಿಡಿ.

ಇಳಿಯುವಾಗ ಜೀವ ಬಾಯಿಗೆ ಬಂತು. ‘ಡಿ’ಯಲ್ಲಿದ್ದ ಕಾರು ತಾನೇ ಮೇಲಿನ ಗೇರಿಗೆ ಹೋಗಿ ವೇಗ ಹಿಡಿಯುತ್ತಿತ್ತು, ನನ್ನ ಕಾಲು ಬ್ರೇಕ್ ಬಿಟ್ಟೇ ಇರಲಿಲ್ಲ. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ. ಮುಂದಿನ ಲಾರಿಯದ್ದು ಅಂದುಕೊಂಡೆ. ಇನ್ನೆರಡು ತಿರುವು ದಾಟುವಷ್ಟರಲ್ಲಿ ಪೆಡಲ್ ಮೆತ್ತಗೆ ಒಳಗೆ ಹೋಯಿತು. ಗಾಬರಿಯಲ್ಲಿ ಲಿವರನ್ನು ‘ಎಂ’ಗೆ, ಅಂದರೆ ಗೇರ್ ನಾವೇ ಬದಲಿಸುವ ಮ್ಯಾನ್ಯುಯಲ್‌ಗೆ ಎಳೆದು, ಗೇರ್ ಇಳಿಸುವ ಮೈನಸ್ ಕಡೆ ತಳ್ಳಿದೆ. ಎಂಜಿನ್ ಕೂಗಿಕೊಂಡಿತು, ಕಾರನ್ನು ಹಿಂದಿನಿಂದ ಯಾರೋ ಹಿಡಿದೆಳೆದ ಹಾಗೆ ವೇಗ ತಗ್ಗಿತು. ಅಗಲವಾದ ಜಾಗ ಸಿಕ್ಕಿದ ಕೂಡಲೇ ನಿಲ್ಲಿಸಿ ಅರ್ಧ ಗಂಟೆ ಕೂತೆವು. ಚಕ್ರದ ಹತ್ತಿರ ಕೈ ಹಿಡಿದರೆ ಒಲೆ ಮುಂದೆ ಹಿಡಿದ ಹಾಗಿತ್ತು. ಗೆಳೆಯ ಬಾಟಲಿ ನೀರು ಸುರಿಯಲು ಹೋದ, ತಡೆದೆ. ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು.

ಬ್ರೇಕ್ ಆಯಿಲ್ ಕೂಡ ಕುದಿಯುತ್ತೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದರೆ ಕನಿಷ್ಠ 230 ಡಿಗ್ರಿವರೆಗೆ ತಡೆಯಬೇಕು, ಗಾಳಿಯ ತೇವ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದ್ದರೆ ಒಳಗೆ ಗುಳ್ಳೆ. ಒತ್ತಿದಾಗ ಗುಳ್ಳೆ ಕುಗ್ಗುತ್ತೆ, ಬ್ರೇಕ್ ಹಿಡಿಯಲ್ಲ. ಆ ಕಾರಿನ ಆಯಿಲ್ ಯಾವ ಕಾಲದ್ದೋ.

ನೀವು ಹೊರಟಿದ್ದರೆ, ಇಳಿಜಾರು ಶುರುವಾಗುವ ಮುಂಚೆಯೇ ‘ಎಂ’ಗೆ ಹಾಕಿ ಎರಡನೇ ಗೇರ್ ಹಿಡಿಯಿರಿ. ತೀರಾ ಕಡಿದಾಗಿದ್ದರೆ ಒಂದು. ಕೆಲವು ಕಾರಲ್ಲಿ ಪ್ಲಸ್ ಮುಂದಕ್ಕೆ, ಕೆಲವದರಲ್ಲಿ ಹಿಂದಕ್ಕೆ. ಸಮತಟ್ಟಾದ ರಸ್ತೆಯಲ್ಲೇ ನೋಡಿಕೊಳ್ಳಿ. ವೇಗ ಜಾಸ್ತಿ ಇದ್ದರೆ ಗೇರ್ ಇಳಿಸಲು ಕಾರು ಒಪ್ಪುವುದಿಲ್ಲ, ಮೊದಲು ಬ್ರೇಕ್ ಹಾಕಿ. ಬ್ರೇಕ್ ಕೂಡ ಗಟ್ಟಿಯಾಗಿ ಒತ್ತಿ ಬಿಡಬೇಕು, ಸವರುತ್ತಾ ಕೂರಬಾರದು. ಎಂಜಿನ್ ತಿರುಗುವ ವೇಗ, ಅಂದರೆ ಆರ್‌ಪಿಎಂ, ನಾಲ್ಕು ಸಾವಿರ ತೋರಿಸಿದರೆ ಹೆದರಬೇಡಿ. ಪೆಟ್ರೋಲ್ ಹಾಳು ಅಂತಲೂ ಚಿಂತೆ ಬೇಡ. ಆಕ್ಸಿಲರೇಟರ್ ಬಿಟ್ಟು ಗೇರಲ್ಲೇ ಇಳಿಯುವಾಗ ಈಗಿನ ಎಂಜಿನ್‌ಗಳು ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್ ಮಾತ್ರ ಬೇಡವೇ ಬೇಡ.

ಹತ್ತುವಾಗ ಟ್ರಾಫಿಕ್‌ನಲ್ಲಿ ನಿಂತರೆ ಆಕ್ಸಿಲರೇಟರ್‌ನಿಂದ ಕಾರು ಹಿಡಿದು ನಿಲ್ಲಿಸಬೇಡಿ. ಎಎಂಟಿ, ಡಿಸಿಟಿ ಅನ್ನೋ ಕ್ಲಚ್ ಇರುವ ಬಗೆಯ ಆಟೊಮ್ಯಾಟಿಕ್ ಆದರೆ ಕ್ಲಚ್ ಬಿಸಿಯಾಗುತ್ತೆ. ರಜೆ ದಿನವಂತೂ ಆ ಸಾಲು ಕರಗುವುದೇ ಇಲ್ಲ, ನಾನಾದರೆ ಬೆಳಗ್ಗೆ ಐದಕ್ಕೇ ಹೊರಡುತ್ತೇನೆ.

ಕಾರು ವಾಪಸ್ ಕೊಡುವಾಗ ನಡೆದದ್ದೆಲ್ಲ ಹೇಳಿದೆ. “ಬ್ರೇಕ್ ಜಾಸ್ತಿ ಹಾಕಿದ್ದೀರಿ ಸಾರ್” ಎಂದು ಮುಂಗಡದಲ್ಲಿ ಬ್ರೇಕ್ ಪ್ಯಾಡ್ ದುಡ್ಡು ಮುರಿದುಕೊಂಡರು.